ಎಂಎಸ್ ಇರುವವರ ಮನೆ, ಬಚ್ಚಲು, ಅಡುಗೆಮನೆ: ಯಾವುದನ್ನು ಮೊದಲು ಬದಲಿಸಬೇಕು?

ಅಘನಾಶಿನಿ ದಂಡೆ
ಕುಮಟಾ ಕಡೆ ಒಂದು ಮನೆಗೆ ಬದಲಾವಣೆಯ ಪಟ್ಟಿ ಮಾಡ್ತಾ ಇದ್ದೇವೆ, ಗೊತ್ತಿದ್ದವರು ತಿದ್ದಿ ಕೊಡಿ. 36 ವರ್ಷದ ಗೃಹಿಣಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನುವ ಮಿದುಳು-ಬೆನ್ನುಹುರಿಯ ಕಾಯಿಲೆ, ಬಂದು ಇಳಿದು ಮತ್ತೆ ಬರುವ ನಮೂನೆ. ಗುಳಿಗೆ, ಇಂಜೆಕ್ಷನ್ ನ್ಯೂರಾಲಜಿಸ್ಟ್‌ಗೆ ಬಿಟ್ಟದ್ದು, ಅದು ಇಲ್ಲಿ ಬೇಡ. ಕಷ್ಟ ಇರುವುದು ದಿನದ ಕೆಲಸದಲ್ಲಿ. ಬೆಳಗ್ಗೆ ಸರಿ ಇರ್ತಾರೆ, ಹನ್ನೊಂದಕ್ಕೆ ಬಲಗಾಲು ಎಳೀತದೆ, ಮೂರು ಗಂಟೆಗೆ ಏಳಲಿಕ್ಕೇ ಆಗೂದಿಲ್ಲ. ಬಲಗೈ ಬೆರಳು ಮರಗಟ್ಟಿದ ಹಾಗೆ, ಲೋಟ ಬಾಯಿಗೆ ತರುವಾಗ ನಡುಕ.

ಮನೆ ಚಿರೇಕಲ್ಲಿನದ್ದು. ಜಗಲಿ ಅಂಗಳದಿಂದ 18 ಇಂಚು ಎತ್ತರ. ಬಚ್ಚಲು ಹಿತ್ತಲ ಕಡೆ, ಅಡುಗೆಮನೆಯಿಂದ 30 ಅಡಿ, ನಡುವೆ ಎರಡು ಹೊಸ್ತಿಲು. ಸ್ನಾನಕ್ಕೆ ಹಂಡೆ ನೀರು. ಪಾಯಖಾನೆ ಕುಕ್ಕರುಗಾಲಲ್ಲಿ ಕೂರುವಂಥದ್ದು.

ಮನೆಯವರು ಮೊದಲು ಗಾಲಿಕುರ್ಚಿ ತರ್ತೇವೆ, ಜಗಲಿಗೆ ರ‍್ಯಾಂಪ್ ಕಟ್ಟಿಸ್ತೇವೆ ಅಂತಿದ್ದಾರೆ. ಕೈಯಲ್ಲಿರುವ ದುಡ್ಡು ಅಷ್ಟಕ್ಕೇ ಮುಗೀತದೆ. ಇದೇ ಸರಿಯೋ, ಬೇರೆ ಏನಾದರೂ ಮೊದಲು ಬರಬೇಕೋ?

ಹಂಡೆ ನೀರು, ಸಿದ್ದಾಪುರ
ಫಿಸಿಯೋಥೆರಪಿ ಮಾಡಿಸಿದರೆ ಸಾಕಲ್ದಾ? ಕಾಲಿಗೆ ಬಲ ಬಂದರೆ ಉಳಿದದ್ದು ತನ್ನಿಂದ ತಾನೇ ಸರಿ ಆಗ್ತದೆ.

ಓಟಿ ಅಕ್ಕ, ಹೊನ್ನಾವರ
ಎರಡೂ ಬೇಕು, ಎರಡರ ಕೆಲಸ ಬೇರೆ. ಫಿಸಿಯೋ ಕಾಲಿನ ಬಲ, ತೋಲ, ನಡಿಗೆ ನೋಡ್ತಾರೆ. ಆಕ್ಯುಪೇಶನಲ್ ಥೆರಪಿ ಕೇಳುವುದು, ಆ ಕಾಲು ಇಟ್ಟುಕೊಂಡು ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗಿ, ಮಿಂದು, ಸೀರೆ ಉಟ್ಟು, ಗಂಜಿ ಬಸಿದು, ಮಗುವಿನ ಡಬ್ಬಿ ಕಟ್ಟುವುದು ಹೇಗೆ ಅಂತ. ಇಲ್ಲಿ ನಾವು ಓಟಿ ಅಂತ ಬರೆದದ್ದು ಈ ಥೆರಪಿಗೆ. ಆಪರೇಷನ್ ಥಿಯೇಟರಿಗೂ ಅದೇ ಅಕ್ಷರ, ಹೊಸಬರಿಗೆ ಗೊಂದಲ ಆಗ್ತದೆ ಅಂತ ಹೇಳಿದೆ.

ಅಘನಾಶಿನಿಯವರೆ, ಗಾಲಿಕುರ್ಚಿ ಈಗ ತರಬೇಡಿ. ರ‍್ಯಾಂಪಿನ ಸಿಮೆಂಟೂ ಈಗ ಬೇಡ. ನಿಮ್ಮ ಬರಹದಲ್ಲೇ ಉತ್ತರ ಇದೆ: ಬೆಳಗ್ಗೆ ಸರಿ, ಹನ್ನೊಂದಕ್ಕೆ ಕಾಲು ಎಳೀತದೆ, ಮೂರಕ್ಕೆ ಮುಗೀತು. ಅಂದರೆ ಆ ಹೆಂಗಸಿನ ಕೈಯಲ್ಲಿ ದಿನಕ್ಕೆ ಇಷ್ಟೇ ಅಂತ ಒಂದು ಶಕ್ತಿ ಇದೆ, ಅದು ಎಲ್ಲಿ ಸೋರ್ತಾ ಇದೆ ಅಂತ ಮೊದಲು ಹುಡುಕಬೇಕು. ಏಳು ದಿನ ಒಂದು ಪಟ್ಟಿ ಬರೆಸಿ. ಗಂಟೆಗೊಂದು ಸಾಲು: ಏನು ಮಾಡಿದ್ದು, ನಿಂತೋ ಕೂತೋ, ಸೆಕೆ ಇತ್ತೋ, ಸುಸ್ತು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ಬೆರಳು ಮರಗಟ್ಟಿದ್ದರೆ ಬರೆಯುವ ಕೆಲಸ ಮನೆಯವರು ಮಾಡಲಿ, ಅಥವಾ ಮೊಬೈಲಿಗೆ ಮಾತಾಡಿ ಇಡಲಿ. ಏಳು ದಿನದ ಪಟ್ಟಿ ಎದುರಿಗಿದ್ದರೆ ಯಾವ ಕೆಲಸದ ಮರುಗಂಟೆಯಲ್ಲಿ ಅಂಕ ಎರಡು ಮೂರು ಮೆಟ್ಟಿಲು ಏರ್ತದೆ ಅಂತ ಯಾರಿಗಾದರೂ ಕಾಣ್ತದೆ. ನನ್ನ ಅಂದಾಜು, ಅದು ಬಿಸಿನೀರ ಸ್ನಾನ.

ಸದಾಶಿವಗಡ
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೇನೆ, ಈ ಸುಸ್ತನ್ನ ಮನೆಯವರು ಸೋಮಾರಿತನ ಅಂತ ಎಣಿಸಬಾರದು. ಎಂಎಸ್ ಇರುವ ನಾಲ್ವರಲ್ಲಿ ಮೂವರಿಗಾದರೂ ಇದು ಇದ್ದೇ ಇರ್ತದೆ. ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮೈಲಿನ್ ಹೊದಿಕೆ ಅಲ್ಲಲ್ಲಿ ಕಿತ್ತು ಹೋಗಿರ್ತದೆ, ಅದೇ ಕೆಲಸಕ್ಕೆ ಮಿದುಳು ಹೆಚ್ಚು ದುಡಿಯಬೇಕಾಗ್ತದೆ. ಹೊರಗಿನಿಂದ ನೋಡಿದರೆ ಕೈಕಾಲು ನೆಟ್ಟಗೇ ಕಾಣೂದು.

ಹಂಡೆ ನೀರು, ಸಿದ್ದಾಪುರ
ಬಿಸಿನೀರ ಸ್ನಾನದಿಂದ ಸುಸ್ತು ಇಳೀತದೆ ಮಾರಾಯ್ರೆ, ಏರೂದು ಹೇಗೆ? ನಮ್ಮ ಕಡೆ ಮೈ ಕೈ ನೋವಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯೂದೇ ಮದ್ದು. ಬೆವರು ಇಳಿಸುವ ಆವಿ ಚಿಕಿತ್ಸೆಯನ್ನೂ ಹೇಳ್ತಾರೆ.

ಓಟಿ ಅಕ್ಕ, ಹೊನ್ನಾವರ
ಬೇರೆಯವರಿಗೆ ಸರಿ ಅಣ್ಣ. ಎಂಎಸ್ ಇದ್ದವರಿಗೆ ಅದು ತಿರುಗಿ ಹೊಡೀತದೆ. ಹೊದಿಕೆ ಕಿತ್ತ ನರದಲ್ಲಿ ಸಂದೇಶ ಹೇಗೋ ದಾಟ್ತಾ ಇರ್ತದೆ. ಮೈಯೊಳಗಿನ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಕೆಲವರಲ್ಲಿ ಆ ಸಂದೇಶ ಅಲ್ಲೇ ನಿಲ್ತದೆ. ಕಣ್ಣು ಮಂಜಾಗೂದು, ಕಾಲು ಕುಸಿಯೂದು, ಕೈ ನಡುಗೂದು. 1890ರಲ್ಲಿ ಊಟಾಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯ ಬರೆದಿಟ್ಟದ್ದು ಇದನ್ನೇ, ಹಾಗಾಗಿ ಅವರ ಹೆಸರಲ್ಲೇ ಕರೀತಾರೆ. ಎಂಆರ್‌ಐ ಬರುವ ಮೊದಲು ರೋಗ ಪತ್ತೆಗೆ ಬಿಸಿನೀರ ತೊಟ್ಟಿಯಲ್ಲಿ ಕೂರಿಸಿ ನೋಡುವ ಪರೀಕ್ಷೆಯೇ ಇತ್ತು. ಮೈ ತಣಿದ ಮೇಲೆ ಎಲ್ಲ ಮೊದಲಿನಂತೆ ಆಗ್ತದೆ, ನರಕ್ಕೆ ಹೊಸ ಪೆಟ್ಟು ಬೀಳೂದಿಲ್ಲ. ಆದರೆ ಆ ಹೊತ್ತಲ್ಲಿ ಬಚ್ಚಲಲ್ಲಿ ಬಿದ್ದರೆ ಸೊಂಟ ಮುರೀತದೆ.

ಆವಿ ಪೆಟ್ಟಿಗೆ ಬೇಡವೇ ಬೇಡ. ಎಣ್ಣೆ ಹಚ್ಚುವುದಕ್ಕೆ ಅಡ್ಡಿ ಇಲ್ಲ. ಹಚ್ಚಿದ ಕಾಲಲ್ಲಿ ಬಚ್ಚಲಿಗೆ ನಡೆಯಬಾರದು, ಅಂಗಾಲಿಗಂತೂ ಹಚ್ಚಲೇಬಾರದು.

ಅಂಕೋಲೆ ಗಂಜಿ
ಹಂಡೆಯಲ್ಲಿ ಇನ್ನೊಂದು ಅಪಾಯ ಇದೆ. ಬೆರಳು ಮರಗಟ್ಟಿದವರಿಗೆ ನೀರಿನ ಬಿಸಿ ತಿಳಿಯೂದಿಲ್ಲ. ಸುಟ್ಟು ಬೊಬ್ಬೆ ಎದ್ದ ಮೇಲೇ ಗೊತ್ತಾಗೂದು. ಬಲಗೈ ಮುಳುಗಿಸಿ ನೋಡಬಾರದು, ಎಡ ಮೊಣಕೈ ಅದ್ದಿ ನೋಡಬೇಕು, ಅಥವಾ ಬೇರೆಯವರು ಬೆರೆಸಿ ಕೊಡಬೇಕು. ಬಕೆಟಿಗೆ ತಣ್ಣೀರು ಮೊದಲು, ಬಿಸಿ ಆಮೇಲೆ. ಮಗುವಿನ ಜ್ವರ ನೋಡುವ ನೀರು ತಾಗಿಸಬಹುದಾದ ಡಿಜಿಟಲ್ ಥರ್ಮಾಮೀಟರ್ ಅದ್ದಿದರೂ ಆಗ್ತದೆ, 35-36 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಸಾಕು.

ಓಟಿ ಅಕ್ಕ, ಹೊನ್ನಾವರ
ಹೌದು. ಮತ್ತೆ ಬಚ್ಚಲ ಒಲೆ ಉರಿಯುತ್ತಿರುವಾಗ ಒಳಗೆ ಹೋಗಬಾರದು, ಆ ಕೋಣೆಯ ಸೆಕೆಯೇ ಸಾಕು ಮೈ ಕಾಯಲಿಕ್ಕೆ. ಒಲೆ ಆರಿಸಿ, ಬಾಗಿಲು ಕಿಟಕಿ ತೆರೆದು ಹತ್ತು ನಿಮಿಷ ಬಿಟ್ಟು ಆಮೇಲೆ. ಸ್ನಾನ ಕೂತೇ ಮಾಡಬೇಕು. ಹಿಂದೆ ಒರಗು ಇರುವ, ಕಾಲಿಗೆ ರಬ್ಬರ್ ಬುಡ ಇರುವ ಕುರ್ಚಿ. ಸಾದಾ ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ನೆಲದಲ್ಲಿ ಅಗಲಕ್ಕೆ ಜಾರ್ತದೆ, ಅದು ಬೇಡ. ತಂಬಿಗೆಗಿಂತ ಉದ್ದ ಹಿಡಿಯ ಪ್ಲಾಸ್ಟಿಕ್ ಮಗ್ ಹಗುರ. ಬಕೆಟನ್ನು ಇನ್ನೊಂದು ಕುಳ್ಳ ಸ್ಟೂಲಿನ ಮೇಲೆ ಇಟ್ಟರೆ ಬಗ್ಗುವ ಕೆಲಸ ತಪ್ತದೆ. ಒರೆಸಿಕೊಳ್ಳುವುದಕ್ಕೂ ಶಕ್ತಿ ಹೋಗ್ತದೆ, ಹತ್ತಿಯ ದೊಡ್ಡ ನಿಲುವಂಗಿ ಹಾಕಿ ಹತ್ತು ನಿಮಿಷ ಕೂತರೆ ನೀರು ಅದೇ ಹೀರ್ತದೆ.

ಮತ್ತೆ ಸ್ನಾನ ಬೆಳಗ್ಗೆಯೇ ಆಗಬೇಕು ಅಂತ ಹಟ ಬೇಡ. ಬೆಳಗಿನ ಒಳ್ಳೆಯ ಎರಡು ಗಂಟೆಯನ್ನು ಸ್ನಾನವೇ ತಿಂದರೆ ಅಡುಗೆಗೆ ಏನೂ ಉಳಿಯೂದಿಲ್ಲ. ರಾತ್ರಿ ಮಲಗುವ ಮೊದಲು ಮಿಂದರೆ ಸುಸ್ತು ಬಂದರೂ ಹಾಸಿಗೆಗೇ ಹೋಗೂದು.

ಹಂಡೆ ನೀರು, ಸಿದ್ದಾಪುರ
ಮಡಿ ಮಾಡದೆ ಒಲೆಗೆ ಹೋಗೂದಿಲ್ಲ ಅನ್ನುವ ಅತ್ತೆಯವರಿದ್ದರೆ?

ಓಟಿ ಅಕ್ಕ, ಹೊನ್ನಾವರ
ಅತ್ತೆಯವರನ್ನೂ ಕೂರಿಸಿಕೊಂಡೇ ಆ ಏಳು ದಿನದ ಪಟ್ಟಿ ಓದಬೇಕು. ಅಂಕ ಕಣ್ಣೆದುರು ಇದ್ದಾಗ ಮಾತು ಸಲೀಸು. ಬೆಳಗ್ಗೆ ಒದ್ದೆ ಪಂಚೆಯಲ್ಲಿ ಮೈ ಒರೆಸಿಕೊಂಡು ಬಟ್ಟೆ ಬದಲಿಸಿದರೆ ಸಾಕು ಅಂತ ಎಷ್ಟೋ ಮನೆಯಲ್ಲಿ ಒಪ್ತಾರೆ.

ತದಡಿ ಬಂದರು
ಸೆಕೆಗೆ ಕೂಲಿಂಗ್ ಅಂಗಿ ಬರ್ತದಲ್ಲ, ನೀರಲ್ಲಿ ಅದ್ದಿ ಹಾಕಿಕೊಳ್ಳುವಂಥದ್ದು. ಅದನ್ನ ತರಿಸಿ, ಹಗುರ ಇರ್ತದೆ.

ಸದಾಶಿವಗಡ
ಅದು ನಮ್ಮ ಕರಾವಳಿಗೆ ಅಲ್ಲ ತಮ್ಮಾ. ನೀರಲ್ಲಿ ಅದ್ದುವ ಅಂಗಿ ತಣಿಸೂದು ನೀರು ಆರುವಾಗ. ಕಾರವಾರ, ಕುಮಟೆಯ ಏಪ್ರಿಲ್-ಮೇ ಗಾಳಿಯಲ್ಲಿ ತೇವವೇ ತುಂಬಿರ್ತದೆ, ನೀರು ಆರೂದೇ ಇಲ್ಲ. ಒದ್ದೆ ಅಂಗಿ ಬೆಚ್ಚಗೆ ಮೈಗೆ ಅಂಟಿಕೊಂಡು ಇನ್ನೂ ಸೆಕೆ ಮಾಡ್ತದೆ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲಿ ಮಾರ್ಚಿನ ಒಣ ಗಾಳಿಗೆ ಸ್ವಲ್ಪ ಉಪಯೋಗ ಆದೀತು. ಕೆಳಗೆ ಬೇಕಾದ್ದು ಜೇಬಲ್ಲಿ ತಣ್ಣನೆ ಪೊಟ್ಟಣ ಇಡುವ ಅಂಗಿ. ಅದು ಗಾಳಿಯ ತೇವ ನೋಡೂದಿಲ್ಲ.

ತದಡಿ ಬಂದರು
ಅದು ಸರಿ, ನಾನು ಯೋಚಿಸಿರಲಿಲ್ಲ. ಹಾಗಾದರೆ ಐಸಿಗೆ ಬರಗಾಲ ಇಲ್ಲ, ಬಂದರಲ್ಲಿ ಐಸ್ ಪ್ಲಾಂಟ್ ಇದ್ದೇ ಇದೆ. ಮೀನಿಗೆ ಹಾಕುವ ಐಸ್ ಕುಡಿಯಲಿಕ್ಕೆ ಆಗೂದಿಲ್ಲ, ಹೊರಗಿಂದ ತಣಿಸಲಿಕ್ಕೆ ಅಡ್ಡಿ ಇಲ್ಲ.

ಓಟಿ ಅಕ್ಕ, ಹೊನ್ನಾವರ
ಆಗ್ತದೆ, ಆದರೆ ಐಸನ್ನು ನೇರ ಚರ್ಮಕ್ಕೆ ಇಡಬಾರದು. ಸ್ಪರ್ಶ ತಿಳಿಯದ ಜಾಗದಲ್ಲಿ ಐಸಿಂದಲೂ ಚರ್ಮ ಸುಡ್ತದೆ, ತಿಳಿಯೂದಿಲ್ಲ. ಎರಡು ಮಡಿಕೆ ಪಂಚೆಯಲ್ಲಿ ಸುತ್ತಿ ಕುತ್ತಿಗೆಯ ಹಿಂದೆ, ಬೆನ್ನಿಗೆ 15 ನಿಮಿಷ, ಆಮೇಲೆ ತೆಗೆದು ಚರ್ಮ ನೋಡಬೇಕು. ಕೆಲಸ ಆದ ಮೇಲೆ ಇಡುವುದಕ್ಕಿಂತ ಅಡುಗೆಗೆ ಇಳಿಯುವ ಮೊದಲೇ ತಣಿಸಿಕೊಂಡರೆ ಹೆಚ್ಚು ಹೊತ್ತು ತಡೀತದೆ. ಕೆಲಸದ ನಡುವೆ ಫ್ರಿಜ್ಜಿನ ನೀರು ಗುಟುಕು ಗುಟುಕಾಗಿ ಕುಡಿಯೂದು ಎಲ್ಲಕ್ಕಿಂತ ಸುಲಭದ ಉಪಾಯ. ಕೆಲವರಿಗೆ ತಂಪು ತಾಗಿದರೆ ಕಾಲಿನ ಸೆಡೆತ ಹೆಚ್ಚಾಗ್ತದೆ, ಅಂಥವರು ಕಾಲಿಗೆ ಇಡದೆ ಮೈಗೆ ಮಾತ್ರ ಇಡಬೇಕು.

ಮೂತ್ರ ಅವಸರ ಆಗ್ತದೆ ಅಂತ ನೀರು ಕಡಿಮೆ ಮಾಡುವವರು ಬಹಳ. ಅದು ತಪ್ಪು. ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನೂ ಕೆಣಕ್ತದೆ, ಸೋಂಕಿಗೂ ದಾರಿ. ಎರಡು ಎರಡೂವರೆ ಗಂಟೆಗೊಮ್ಮೆ, ಅವಸರ ಬರುವ ಮೊದಲೇ ಹೋಗಿ ಬರುವ ಅಭ್ಯಾಸ ಮಾಡಿಸಿ. ಕತ್ತಲಾದ ಮೇಲೆ ಹಿತ್ತಲಿಗೆ ನಡೆಸಬೇಡಿ, ಮಂಚದ ಪಕ್ಕ ಕಮೋಡ್ ಕುರ್ಚಿ ಇರಲಿ.

ಚಾಲಿ ರಾಶಿ ಬೆಟ್ಟೆ, ಶಿರಸಿ
ಎರಡು ಕಡೆಯ ಮಾತು ಒಂದಕ್ಕೊಂದು ಹೊಂದೂದಿಲ್ಲ. ಒಬ್ಬರು ಶಕ್ತಿ ಉಳಿಸಿ ಅಂತೀರಿ, ಫಿಸಿಯೋದವರು ವ್ಯಾಯಾಮ ಮಾಡಿ ಅಂತಾರೆ. ಯಾವುದನ್ನ ಕೇಳೂದು?

ಸದಾಶಿವಗಡ
ಎರಡನ್ನೂ. ಸುಸ್ತು ಅಂತ ಮಲಗೇ ಇದ್ದರೆ ಸ್ನಾಯು ಸೊರಗಿ, ನಾಳೆ ಅದೇ ಕೆಲಸಕ್ಕೆ ದುಪ್ಪಟ್ಟು ಸುಸ್ತು. ಹೆಚ್ಚು ತೊಂದರೆ ಇಲ್ಲದ ವಯಸ್ಕರಿಗೆ ಸಾಮಾನ್ಯ ಸಲಹೆ ವಾರಕ್ಕೆ 2 ಸಲ 30 ನಿಮಿಷದ ಸಾಧಾರಣ ನಡಿಗೆ ಅಥವಾ ಸೈಕಲ್ ತುಳಿತ, ಮತ್ತೆ 2 ಸಲ ಬಲದ ವ್ಯಾಯಾಮ. ಒಂದೇ ಸಲಕ್ಕೆ 30 ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ, ನಡುವೆ ತಂಪು. ಬೆಳಗಿನ ಜಾವ ಮೈಯ ಬಿಸಿ ದಿನದಲ್ಲೇ ಕಡಿಮೆ ಇರ್ತದೆ, ಮಧ್ಯಾಹ್ನ ದಾಟಿದ ಮೇಲೆ ಹೆಚ್ಚು. ವ್ಯಾಯಾಮಕ್ಕೆ ಬೆಳಗ್ಗೆ ಒಳ್ಳೆಯದು.

ಓಟಿ ಅಕ್ಕ, ಹೊನ್ನಾವರ
ಬೆಳಗ್ಗೆ ಅಡುಗೆಯೂ ಇದೆ, ವ್ಯಾಯಾಮವೂ ಇದೆ ಅಂದರೆ ಹತ್ತು ಗಂಟೆಗೇ ಖಾಲಿ. ವ್ಯಾಯಾಮದ ದಿನ ಅಡುಗೆ ಹಿಂದಿನ ದಿನದ ಸಾರಿನಲ್ಲಿ ಮುಗಿಯಬೇಕು, ಇಲ್ಲ ಬೇರೆಯವರು ಮಾಡಬೇಕು. ಅದನ್ನು ಭಾನುವಾರವೇ ಕೂತು ಹಂಚಿ ಬರೆಯಬೇಕು. ಶಕ್ತಿ ಉಳಿತಾಯ ಕಲಿಸುವ ತರಗತಿಯ ಪಕ್ಕಾ ರೂಪ 6 ವಾರ, ವಾರಕ್ಕೊಮ್ಮೆ 2 ಗಂಟೆ. ಅದರ ಜೀವಾಳ ಇಷ್ಟೇ, ದಣಿದ ಮೇಲೆ ಮಲಗೂದಲ್ಲ, ದಣಿಯುವ ಮೊದಲು ಮಲಗೂದು. ಗಡಿಯಾರ ನೋಡಿ 40 ನಿಮಿಷ ಕೆಲಸ, 10 ನಿಮಿಷ ಕಾಲು ಚಾಚಿ ಕಣ್ಣು ಮುಚ್ಚೂದು. ಆ ಹತ್ತು ನಿಮಿಷ ಮೊಬೈಲ್ ನೋಡಿದರೆ ವಿಶ್ರಾಂತಿ ಲೆಕ್ಕಕ್ಕಿಲ್ಲ. ಚೆನ್ನಾಗಿರುವ ದಿನ ಎಲ್ಲ ಕೆಲಸ ಬಾಚಿ ಹಾಕಿ ಮುಗಿಸಿ ಮುಂದಿನ ಎರಡು ದಿನ ಹಾಸಿಗೆ ಹಿಡಿಯೂದೇ ಎಲ್ಲರೂ ಮಾಡುವ ತಪ್ಪು, ಪಟ್ಟಿಯಲ್ಲಿ ಅದು ಎದ್ದು ಕಾಣ್ತದೆ.

ಅಂಕೋಲೆ ಗಂಜಿ
ಅಡುಗೆಮನೆಗೆ ಬರುವ, ಅಲ್ಲೇ ಶಕ್ತಿ ಜಾಸ್ತಿ ಸೋರೂದು.

ಮೊದಲು ಮೆಟ್ಟುಕತ್ತಿ (ಈಳಿಗೆಮಣೆ). ನೆಲದಲ್ಲಿ ಕೂತು ಏಳುವುದೇ ಒಂದು ದೊಡ್ಡ ಕೆಲಸ, ಮೇಲಿಂದ ಸ್ಪರ್ಶ ಇಲ್ಲದ ಬೆರಳು ಅಲಗಿನ ಎದುರು. ಅದನ್ನ ಎತ್ತಿಡಿ. ಕಾಯಿ ತುರಿಯಲಿಕ್ಕೆ ಮೇಜಿನ ಅಂಚಿಗೆ ತಿರುಪಲ್ಲಿ ಬಿಗಿಯುವ, ಹಿಡಿ ತಿರುಗಿಸುವ ಯಂತ್ರ ಸಿಗ್ತದೆ. ಕೆಳಗೆ ರಬ್ಬರ್ ಹೀರುಬಟ್ಟಲು ಇರುವುದು ಗ್ರಾನೈಟ್ ಕಟ್ಟೆಗೆ ಹಿಡೀತದೆ, ಕಡಪಾ ಕಲ್ಲಿನ ಒರಟು ಮೈಗೆ ಹಿಡಿಯೂದಿಲ್ಲ, ಅಲ್ಲಿ ತಿರುಪಿನದ್ದೇ ಬೇಕು. ಬಲಗೈ ನಡುಗುವವರು ಕಾಯಿಯನ್ನು ಬಲಗೈಲಿ ಒತ್ತಿ, ಹಿಡಿಯನ್ನು ಎಡಗೈಲಿ ತಿರುಗಿಸಬೇಕು. ಮೂರು ದಿನಕ್ಕಾಗುವಷ್ಟು ಒಮ್ಮೆಗೇ ತುರಿದು ಒಂದೊಂದು ಹಿಡಿಯ ಪೊಟ್ಟಣ ಮಾಡಿ ಫ್ರೀಜರಿಗೆ. ಮೀನನ್ನು ಪೇಟೆಯಲ್ಲೇ ಹೆಚ್ಚಿಸಿ ತರೂದು.

ಗಂಜಿ ಬಸಿಯೂದು ಎಲ್ಲಕ್ಕಿಂತ ಅಪಾಯ. ಕುಚ್ಚಲಕ್ಕಿ ತಪ್ಪಲೆ ಕುದಿನೀರು ಸಮೇತ ಎತ್ತಿ ಬಗ್ಗಿಸೂದನ್ನ ನಿಲ್ಲಿಸಿ. ತಪ್ಪಲೆಯೊಳಗೆ ಕೂರುವ ತೂತಿನ ಸ್ಟೀಲ್ ಬುಟ್ಟಿ ಇಟ್ಟು ಬೇಯಿಸಿದರೆ ಬುಟ್ಟಿ ಮಾತ್ರ ಎತ್ತೂದು, ನೀರು ಅಲ್ಲೇ ಉಳೀತದೆ. ಅದೂ ಭಾರ ಅಂದರೆ ಜಾಲರಿ ಸೌಟಲ್ಲಿ ತೋಡಿ ಹಾಕೂದು.

ತದಡಿ ಬಂದರು
ಥರ್ಮಲ್ ಪೆಟ್ಟಿಗೆಯ ರೈಸ್ ಕುಕ್ಕರ್? ಹತ್ತು ನಿಮಿಷ ಕುದಿಸಿ ಪೆಟ್ಟಿಗೆಯೊಳಗೆ ಇಟ್ಟರೆ ತಾನೇ ಬೇಯ್ತದೆ, ಒಲೆ ಎದುರು ನಿಲ್ಲೂದು ತಪ್ತದೆ.

ಅಂಕೋಲೆ ಗಂಜಿ
ಸೆಕೆ ತಪ್ತದೆ, ನಿಜ. ಆದರೆ ಕುದಿಯುವ ಪಾತ್ರೆಯನ್ನ ಪೆಟ್ಟಿಗೆಗೆ ಇಳಿಸುವವರು ಯಾರು ತಮ್ಮಾ? ನಡುಗುವ ಕೈಯಿಂದ ಅದು ಬೇಡ. ಬೆಳಗ್ಗೆ ಹೊರಡುವ ಮೊದಲು ಗಂಡನೋ ಮಾವನೋ ಇಳಿಸಿ ಇಟ್ಟು ಹೋಗೂದಾದರೆ ಸರಿ.

ಓಟಿ ಅಕ್ಕ, ಹೊನ್ನಾವರ
ನಡುಕದ ಬಗ್ಗೆ ಒಂದೆರಡು ಮಾತು. ಎಂಎಸ್ ನಡುಕ ಕೈಯನ್ನು ಗಾಳಿಯಲ್ಲಿ ಮುಂದೆ ಚಾಚಿದಾಗ ಹೆಚ್ಚು. ಮೊಣಕೈ ಮೇಜಿಗೆ ಊರಿ, ಅಥವಾ ಪಕ್ಕೆಗೆ ಒತ್ತಿ ಹಿಡಿದರೆ ಅರ್ಧಕ್ಕರ್ಧ ತಗ್ಗುವುದುಂಟು. ಹಾಗಾಗಿ ಊಟದ ಮೇಜು ಎದೆಯ ಕೆಳಭಾಗದವರೆಗೆ ಎತ್ತರ ಇರಲಿ, ಎರಡೂ ಮೊಣಕೈ ಊರಲಿ. ಅಂಚು ಎತ್ತರದ ಬಟ್ಟಲು, ಅಡಿಗೆ ಒದ್ದೆ ಬಟ್ಟೆ. ಲೋಟಕ್ಕೆ ಅರ್ಧ ಮಾತ್ರ ತುಂಬಿ, ಮುಚ್ಚಳ, ಕೊಳವೆ. ಕೈಯಲ್ಲಿ ಕಲಸಿ ಉಣ್ಣುವ ನಮ್ಮ ಪದ್ಧತಿ ಚಮಚಕ್ಕಿಂತ ಸಲೀಸು, ಅದನ್ನು ಬಿಡಿಸಬೇಡಿ. ಅನ್ನ ಬಿಸಿ ಇದೆಯೇ ಅಂತ ಎಡಗೈ ಬೆರಳಲ್ಲಿ ಮುಟ್ಟಿ ನೋಡಿ ಆಮೇಲೆ ಕಲಸಿದರಾಯ್ತು.

ಮಣಿಕಟ್ಟಿಗೆ ಕಟ್ಟುವ ತೂಕದ ಪಟ್ಟಿ ಕೆಲವರಿಗೆ ಆಗ್ತದೆ, ಕೆಲವರಿಗೆ ಆಗೂದಿಲ್ಲ. 200 ಗ್ರಾಂನಿಂದ ಶುರು ಮಾಡಿ, ಊಟದ ಹೊತ್ತಿಗೆ ಮಾತ್ರ. ದಿನವಿಡೀ ಕಟ್ಟಿಕೊಂಡರೆ ತೋಳು ಸೋತು ನಡುಕ ಹೆಚ್ಚಾಗ್ತದೆ. ಹಿಡಿತ ಸಡಿಲ ಇದ್ದವರಿಗೆ ಸೌಟು, ಬ್ರಷ್, ಪೆನ್ನಿನ ಹಿಡಿ ದಪ್ಪ ಮಾಡಬೇಕು, 3 ಸೆಂಟಿಮೀಟರ್ ಆಸುಪಾಸು. ಏಸಿ ಪೈಪಿಗೆ ಹಾಕುವ ಕರಿ ಸ್ಪಂಜಿನ ಕೊಳವೆ ಒಂದು ಗಜ ತಂದರೆ ಮನೆಯ ಎಲ್ಲ ಹಿಡಿಗೂ ಆಗ್ತದೆ. ಒಲೆಯ ಉರಿಗೆ ತಾಗುವ ಸೌಟಿಗೆ ಮಾತ್ರ ಬೇಡ.

ಚಾಲಿ ರಾಶಿ ಬೆಟ್ಟೆ, ಶಿರಸಿ
ತೋಟದ ಮನೆಯವರಿಗೂ ಏನಾದರೂ ಹೇಳಿ ಅಕ್ಕಯ್ಯ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮನೆಯ ಹೆಂಗಸರು ಸುಮ್ಮನೆ ಕೂರೂದಿಲ್ಲ.

ಓಟಿ ಅಕ್ಕ, ಹೊನ್ನಾವರ
ಸುಮ್ಮನೆ ಕೂರಿಸುವುದು ಬೇಡವೇ ಬೇಡ. ಕೆಲಸ ಬಿಡಿಸಿ ಮೂಲೆಯಲ್ಲಿ ಕೂರಿಸಿದರೆ ಮನಸ್ಸು ಕುಗ್ತದೆ, ಎಂಎಸ್‌ನಲ್ಲಿ ಖಿನ್ನತೆ ಮೊದಲೇ ಹೆಚ್ಚು. ಕೆಲಸವನ್ನು ಬಿಡಿಬಿಡಿಯಾಗಿ ನೋಡಿ. ಹಸಿ ಅಡಿಕೆ ಸುಲಿಯೂದು ಅಲಗಿನ ಕೆಲಸ, ಬೆರಳಿಗೆ ಸ್ಪರ್ಶ ಇಲ್ಲದವರಿಗೆ ಬೇಡ. ಬೇಯಿಸುವ ಹಂಡೆಯ ಹತ್ತಿರ ಸೆಕೆ, ಅದೂ ಬೇಡ. ಒಣಗಿದ ಚಾಲಿ ಅಡಿಕೆ ವಿಂಗಡಿಸೂದು ಪೂರಾ ಮಾಡಬಹುದು. ನೆಲದ ಮೇಲೆ ಸುರಿಯುವ ಬದಲು 28-30 ಇಂಚಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸುರಿಯಿರಿ. ದೃಷ್ಟಿ ಮಂಜು ಇದ್ದವರಿಗೂ ಬಿಳಿಯ ಮೇಲೆ ಅಡಿಕೆ ಎದ್ದು ಕಾಣ್ತದೆ. ಬೆಳಕು ಎಡಬದಿಯಿಂದ, ಡಬ್ಬಗಳು ಕೈಗೆಟುಕುವಲ್ಲಿ, ನಲವತ್ತು ನಿಮಿಷಕ್ಕೆ ಅಲಾರಂ.

ಚಾಲಿ ರಾಶಿ ಬೆಟ್ಟೆ, ಶಿರಸಿ
ಇದು ನಾಳೆಯೇ ಮಾಡಬಹುದಾದ್ದು. ಲೆಕ್ಕ ಬರೆಯೂದು?

ಓಟಿ ಅಕ್ಕ, ಹೊನ್ನಾವರ
ಬರೆಯಬಹುದು, ಗದ್ದಲ ಇಲ್ಲದ ಹೊತ್ತಲ್ಲಿ. ಎಂಎಸ್ ಇರುವ ಸುಮಾರು ಅರ್ಧದಷ್ಟು ಜನರಿಗೆ ಯೋಚನೆಯ ವೇಗ, ನೆನಪು ಸ್ವಲ್ಪ ತಗ್ತದೆ. ಬುದ್ಧಿ ಕಡಿಮೆ ಆದದ್ದಲ್ಲ, ಹೊತ್ತು ಹೆಚ್ಚು ಬೇಕು ಅಷ್ಟೇ. ಟಿವಿ ಹಚ್ಚಿಟ್ಟು, ಮಗುವಿಗೆ ಪಾಠ ಹೇಳ್ತಾ ಲೆಕ್ಕ ಬರೆದರೆ ತಪ್ತದೆ. ಮನೆಗೆಲ್ಲ ಒಂದೇ ನೋಟುಪುಸ್ತಕ, ಅದಕ್ಕೊಂದೇ ಜಾಗ. ಚೀಟಿಗಳು ಬೇಡ, ಕಳೀತವೆ. ಗ್ಯಾಸ್ ಆರಿಸಲು ಮರೆಯುವವರಿಗೆ ಹೊತ್ತು ಕಟ್ಟಿದರೆ ತಾನೇ ಆರುವ ಇಂಡಕ್ಷನ್ ಒಲೆ ಒಳ್ಳೆಯದು, ಸೆಕೆಯೂ ಕಡಿಮೆ.

ಚಿರೇಕಲ್ಲು
ಕಟ್ಟಡದ ಕೆಲಸಕ್ಕೆ ಬರ್ತೇನೆ. 18 ಇಂಚು ಎತ್ತರಕ್ಕೆ ರ‍್ಯಾಂಪ್ ಅಂದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 18 ಅಡಿ ಉದ್ದ ಬೇಕು. ಹೆಚ್ಚಿನವರು ಅಂಗಳ ಉಳಿಸಲಿಕ್ಕೆ ಆರೆಂಟು ಅಡಿಯಲ್ಲಿ ಮುಗಿಸ್ತಾರೆ, ಅದು ಜಾರುಬಂಡೆ ಆಗ್ತದೆ, ಕುರ್ಚಿ ತಳ್ಳುವವರಿಗೂ ಆಗೂದಿಲ್ಲ. ಮಳೆಗಾಲದಲ್ಲಿ ಪಾಚಿ ಬೇರೆ. ನಡೆಯುವ ಶಕ್ತಿ ಇದ್ದವರಿಗೆ ನಾಲ್ಕೂವರೆ ಇಂಚಿನ ನಾಲ್ಕು ಮೆಟ್ಟಿಲು, ಒಂದೊಂದರಲ್ಲೂ ಕಾಲಿಡುವ ಜಾಗ 14 ಇಂಚು, ಎರಡೂ ಬದಿ ಹಿಡಿಕಂಬಿ. ಕಂಬಿ 34 ಇಂಚು ಎತ್ತರ, ಮುಷ್ಟಿಗೆ ಸಿಗುವ ಒಂದೂವರೆ ಇಂಚು ದಪ್ಪ. ಮೆಟ್ಟಿಲಿನ ಅಂಚಿಗೆ ಎರಡು ಇಂಚು ಹಳದಿ ಬಣ್ಣ ಬಳಿಯಿರಿ.

ಸದಾಶಿವಗಡ
ಕಾಲು ಎಳೆಯುವವರಿಗೆ ಮೆಟ್ಟಿಲು ತಡವರಿಸ್ತದೆ, ರ‍್ಯಾಂಪೇ ಒಳ್ಳೆಯದಲ್ವಾ?

ಓಟಿ ಅಕ್ಕ, ಹೊನ್ನಾವರ
ಇಳಿಜಾರಿನಲ್ಲಿ ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳಬೇಕು, ತೋಲ ತಪ್ಪಿದವರಿಗೆ ಅದೇ ಹೆದರಿಕೆ. ಕುಳ್ಳ ಮೆಟ್ಟಿಲಿನಲ್ಲಿ ಪ್ರತಿ ಹೆಜ್ಜೆಗೂ ಸಪಾಟ ನೆಲ ಸಿಗ್ತದೆ, ಎರಡೂ ಕೈಗೆ ಕಂಬಿ ಸಿಗ್ತದೆ. ಹತ್ತುವಾಗ ಬಲವಿರುವ ಎಡಗಾಲು ಮೊದಲು, ಇಳಿಯುವಾಗ ಎಳೆಯುವ ಬಲಗಾಲು ಮೊದಲು. ಆದರೂ ಆಕೆಯನ್ನೇ ಬೇರೆ ಎಲ್ಲಾದರೂ ಎರಡರ ಮೇಲೂ ಹನ್ನೊಂದು ಗಂಟೆ ದಾಟಿದ ಮೇಲೆ ನಡೆಸಿ ನೋಡಿ ತೀರ್ಮಾನಿಸಿ. ಬೆಳಗ್ಗೆ ಎಂಟಕ್ಕೆ ನೋಡಿದರೆ ತಪ್ಪು ಉತ್ತರ ಬರ್ತದೆ.

ಗಾಲಿಕುರ್ಚಿ ಬೇಡ ಅಂದದ್ದು ಈಗಿನ ಮಟ್ಟಿಗೆ. ಮಾರಿಕಾಂಬಾ ಜಾತ್ರೆಯಂಥ ಉದ್ದ ತಿರುಗಾಟಕ್ಕೆ ಬಾಡಿಗೆಗೆ ತಂದರೆ ಕಾಲಿನ ಶಕ್ತಿ ಉಳೀತದೆ, ಅದರಲ್ಲಿ ಅವಮಾನ ಏನೂ ಇಲ್ಲ. ಕೊಳ್ಳುವ ದಿನ ಬಂದರೆ ಕೂತ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಇಂಚು ಬಿಟ್ಟು ಅಳೆದು ಕೊಳ್ಳಬೇಕು.

ಚಿರೇಕಲ್ಲು
ಹೊಸ್ತಿಲು ಎರಡೂ ಕಡೆ ಮರದ ತುಂಡು ಇಳಿಜಾರಾಗಿ ಕೂರಿಸಿದರೆ ಆಯ್ತು, ಕೀಳಬೇಕಾಗಿಲ್ಲ. ಪಾಯಖಾನೆಗೆ ಹೊಸ ಕಮೋಡ್ ಕೂರಿಸುವ ಖರ್ಚೂ ಈಗ ಬೇಡ, ನಡುವೆ ತೂತಿರುವ ಸ್ಟೀಲ್ ಕುರ್ಚಿಯನ್ನು ಮೇಲೆ ಇಟ್ಟರೆ ಸಾಕು, ಕೂರುವ ಎತ್ತರ 17-19 ಇಂಚು. ಬಚ್ಚಲಿಗೂ ಅದನ್ನೇ ತರಬಹುದು.

ಗೋಡೆಯ ಹಿಡಿಕೆಯಲ್ಲೇ ಎಲ್ಲರೂ ಎಡವೂದು. ಚಿರೇಕಲ್ಲು ಮೆತ್ತಗೆ, ಒಳಗೆಲ್ಲ ತೂತು. ಪ್ಲಾಸ್ಟಿಕ್ ಬೆಣೆ ಹಾಕಿ ಸ್ಕ್ರೂ ಬಿಗಿದರೆ ಮೊದಲ ದಿನ ಗಟ್ಟಿ ಇರ್ತದೆ, ಮಳೆಗಾಲದಲ್ಲಿ ಗೋಡೆ ತೇವ ಹೀರಿ ಮೆತ್ತಗಾದ ಮೇಲೆ ಒಂದು ದಿನ ಮೈಭಾರ ಬಿದ್ದಾಗ ಬೆಣೆ ಸಮೇತ ಕಿತ್ತು ಬರ್ತದೆ. ಗೋಡೆಯ ಆಚೆಗೆ ದಾಟುವ 10 ಮಿಲಿಮೀಟರ್ ರಾಡ್ ಹಾಕಿ, ಆಚೆ ಬದಿ 4 ಇಂಚು ಚೌಕದ ಪ್ಲೇಟ್ ಕೊಟ್ಟು ನಟ್ಟು ಬಿಗಿಯಬೇಕು. ಆಚೆ ಬದಿ ಸಿಗದ ಗೋಡೆಯಾದರೆ ರಾಸಾಯನಿಕ ಅಂಟಿನ ಆಂಕರ್, ಜಾಲರಿ ತೋಳಿನ ಸಮೇತ. ತೂತಿನ ಪುಡಿ ಪೂರಾ ಊದಿ ತೆಗೆಯದಿದ್ದರೆ ಅದೂ ಹಿಡಿಯೂದಿಲ್ಲ.

ತದಡಿ ಬಂದರು
ಟೈಲ್ಸಿಗೆ ಅಂಟುವ ಹೀರುಬಟ್ಟಲಿನ ಹಿಡಿಕೆ?

ಚಿರೇಕಲ್ಲು
ಮೈಭಾರಕ್ಕೆ ಅದನ್ನ ನಂಬಬಾರದು. ಟವೆಲ್ ನೇತುಹಾಕಲಿಕ್ಕೆ ಆಗ್ತದೆ.

ಕಡಲ ಗಾಳಿ, ಕಾರವಾರ
ಸ್ಟೀಲಿನ ನಂಬರ್ ನೋಡಿ ತಗೊಳ್ಳಿ. ಅಗ್ಗದ 202 ಸಮುದ್ರದ ಹತ್ತಿರ ಬೇಗ ತುಕ್ಕು ಹಿಡೀತದೆ. 304 ಒಳಗೆ ಪರವಾಗಿಲ್ಲ. ಉಪ್ಪುಗಾಳಿ ನೇರ ಬೀಸುವ ಜಗಲಿಗೆ 316 ಬೇಕು. ರಾಡ್ ಸ್ಟೀಲು, ಆಚೆಯ ಪ್ಲೇಟ್ ಕಬ್ಬಿಣ ಅಂತ ಮಾಡಬೇಡಿ, ಎರಡು ಲೋಹ ತಾಗಿದ ಕಡೆ ಉಪ್ಪುನೀರಿಗೆ ಕಬ್ಬಿಣ ಮೊದಲು ಕರಗ್ತದೆ. ಹೊರಗಿಂದ ಗೋಡೆಗೆ ಬಣ್ಣ ಬಳಿದಿದ್ದರೆ ಕಾಣೂದೂ ಇಲ್ಲ.

ಕಡತ, ಕಾರವಾರ
ದಾಖಲೆಯ ಕಡೆಯೂ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಟ್ಟೇ ಇದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೌಲಭ್ಯಗಳ ಬಾಗಿಲು ತೆರೀತದೆ.

ಚಾಲಿ ರಾಶಿ ಬೆಟ್ಟೆ, ಶಿರಸಿ
ಹಾಗಾದರೆ ಸರ್ಕಾರಿ ಕೆಲಸದ ಮೀಸಲಾತಿಯೂ ಸಿಗ್ತದೆ.

ಕಡತ, ಕಾರವಾರ
ಅಲ್ಲೇ ತೊಡಕು. ಶೇ 4 ಮೀಸಲಾತಿ ಹೇಳುವ 34ನೇ ಕಲಮಿನ ಪಟ್ಟಿಯಲ್ಲಿ ಎಂಎಸ್ ಹೆಸರಿಲ್ಲ. ಚಲನವಲನದ ಅಂಗವೈಕಲ್ಯ, ದೃಷ್ಟಿದೋಷ ಹೀಗೆ ಬೇರೆ ತಲೆಬರಹದಡಿ ಪ್ರಮಾಣಪತ್ರ ಇದ್ದರೆ ಮಾತ್ರ ಕೇಳಲಿಕ್ಕೆ ದಾರಿ. ಈಗಾಗಲೇ ಸರ್ಕಾರಿ ಕೆಲಸದಲ್ಲಿ ಇದ್ದವರಿಗೆ 20ನೇ ಕಲಮು ದೊಡ್ಡ ಆಸರೆ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ.

ಕಾರ್ಡಿನ ತಪಾಸಣೆಗೆ ಹೋಗುವಾಗ ಎಂಆರ್‌ಐ, ನ್ಯೂರಾಲಜಿಸ್ಟರ ಪತ್ರದ ಜೊತೆ ಆ ಏಳು ದಿನದ ಪಟ್ಟಿಯನ್ನೂ ಒಯ್ಯಿರಿ. ಬೆಳಗ್ಗೆ ಹತ್ತಕ್ಕೆ ಕಚೇರಿಯಲ್ಲಿ ನೆಟ್ಟಗೆ ನಡೆದು ತೋರಿಸಿದವರ ಮೂರು ಗಂಟೆಯ ಸ್ಥಿತಿ ವೈದ್ಯರಿಗೆ ಬೇರೆ ಹೇಗೆ ಗೊತ್ತಾಗಬೇಕು?

ಅಘನಾಶಿನಿ ದಂಡೆ
ಎಲ್ಲರಿಗೂ ಉಪಕಾರ. ರ‍್ಯಾಂಪ್, ಗಾಲಿಕುರ್ಚಿ ಸದ್ಯಕ್ಕೆ ಬಿಟ್ಟೆವು. ಇವತ್ತಿಂದ ಏಳು ದಿನದ ಪಟ್ಟಿ. ಜೊತೆಗೆ ತೂತಿನ ಕುರ್ಚಿ, ಬಚ್ಚಲಿಗೆ ಎರಡು ಹಿಡಿಕೆ, ಎತ್ತರದ ಅಡುಗೆ ಸ್ಟೂಲು. ಥೆರಪಿಸ್ಟ್ ಸಿಗುವುದು ಎಲ್ಲಿ? ಮೂರು ದಿನದಿಂದ ಎಡಗಾಲೂ ಸ್ವಲ್ಪ ಭಾರ ಅಂತಿದ್ದಾರೆ, ಇದೂ ಸೆಕೆಯದ್ದೇ ಇರಬೇಕು?

ಓಟಿ ಅಕ್ಕ, ಹೊನ್ನಾವರ
ಆ ಕೊನೆಯ ಮಾತು ಮೊದಲೇ ಹೇಳಬೇಕಿತ್ತು. ಸೆಕೆಯದ್ದಾದರೆ ತಣಿದ ಮೇಲೆ ಇಳಿಯಬೇಕು. ಹೊಸ ತೊಂದರೆ 24 ಗಂಟೆ ದಾಟಿ ನಿಂತರೆ ಅದು ಹೊಸ ದಾಳಿ ಇರಬಹುದು. ಇವತ್ತೇ ನ್ಯೂರಾಲಜಿಸ್ಟರಿಗೆ ಫೋನ್ ಮಾಡಿ, ಪಟ್ಟಿ ಆಮೇಲೆ. ಜ್ವರ ಇದೆಯೇ, ಮೂತ್ರ ಉರಿಯುತ್ತದೆಯೇ ನೋಡಿ ಹೇಳಿ. ಸೋಂಕು ಇದ್ದರೂ ಹೀಗೇ ಆಗ್ತದೆ, ಅದಕ್ಕೆ ಚಿಕಿತ್ಸೆ ಬೇರೆ.

ಥೆರಪಿಗೆ ನಿಮಗೆ ಹತ್ತಿರ ಅಂದರೆ ಮಣಿಪಾಲ, ಅಲ್ಲಿ ಆಕ್ಯುಪೇಶನಲ್ ಥೆರಪಿ ವಿಭಾಗ ಇದೆ. ಬೆಂಗಳೂರಿಗೆ ಹೋಗುವುದಿದ್ದರೆ ನಿಮ್ಹಾನ್ಸ್. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆಗೂ ಕೇಳಬಹುದು. ಹೋಗುವಾಗ ಮನೆಯ ವೀಡಿಯೊ ಒಯ್ಯಿರಿ: ಹಾಸಿಗೆಯಿಂದ ಬಚ್ಚಲವರೆಗೆ ನಡೆದು ತೆಗೆದದ್ದು, ಹೊಸ್ತಿಲಿನ ಎದುರು ಅಳತೆಪಟ್ಟಿ ಹಿಡಿದದ್ದು.

ಹಂಡೆ ನೀರು, ಸಿದ್ದಾಪುರ
ಜ್ವರದ ಮಾತು ಬಂತು ಅಂತ ಹೇಳ್ತೇನೆ. ನಮ್ಮ ಕಡೆ ಡಿಸೆಂಬರಿಂದ ಮೇವರೆಗೆ ಮಂಗನ ಕಾಯಿಲೆಯ ಹೆದರಿಕೆ. ಎಂಎಸ್ ಇದ್ದವರಿಗೆ ಜ್ವರ ಬಂದರೆ ಎರಡು ದಿನ ಕಾಯದೆ ರಕ್ತ ಪರೀಕ್ಷೆ ಮಾಡಿಸಿ. ಮತ್ತೆ ಅಕ್ಕಯ್ಯ ಹೇಳಿದ ಬಿಸಿನೀರ ವಿಷಯ ಒಪ್ಪಿದೆ, ನಮ್ಮ ಊರಲ್ಲೂ ತಿಳಿಸ್ತೇನೆ.

ಅಘನಾಶಿನಿ ದಂಡೆ
ಫೋನ್ ಆಯ್ತು. ಜ್ವರ ಇಲ್ಲ, ಉರಿಮೂತ್ರ ಇದೆ. ಮೂತ್ರ ಪರೀಕ್ಷೆ ಮಾಡಿಸಿಕೊಂಡು ನಾಳೆ ಬರಲಿಕ್ಕೆ ಹೇಳಿದ್ದಾರೆ. ಗಾರೆಯವರು ಗುರುವಾರ ಬರ್ತಾರೆ. ಗೋಡೆ 9 ಇಂಚು, 10 ಇಂಚಿನ ರಾಡ್ ತಂದಿಟ್ಟೆ, 304.

ಚಿರೇಕಲ್ಲು
10 ಸಾಲೂದಿಲ್ಲ. ಗೋಡೆ 9, ಎರಡೂ ಬದಿ ಗಿಲಾವು ಸೇರಿ ಒಂದು ಇಂಚು, ಟೈಲು ಅರ್ಧ, ಪ್ಲೇಟು, ಹಿಡಿಕೆಯ ಬುಡ, ನಟ್ಟು. 12 ಇಂಚಿನದ್ದಕ್ಕೆ ಬದಲಿಸಿ ತನ್ನಿ, ಉಳಿದದ್ದನ್ನು ಕೊಯ್ದರಾಯ್ತು. ಸ್ಟೀಲ್ ರಾಡಿಗೆ ಸ್ಟೀಲ್ ನಟ್ಟು ಒಣಗಿದ್ದಲ್ಲೇ ಬಿಗಿದರೆ ಅರ್ಧದಲ್ಲಿ ಕಚ್ಚಿಕೊಂಡು ಮುಂದೂ ಹೋಗೂದಿಲ್ಲ, ಹಿಂದೂ ಬರೂದಿಲ್ಲ. ಎಳೆಗೆ ಗ್ರೀಸ್ ಹಚ್ಚಿ, ಕೈಯಲ್ಲಿ ನಿಧಾನ ಬಿಗಿಯಲಿ ಅಂತ ಹೇಳಿ. ಹಿಡಿಕೆಯ ಎತ್ತರ ನನ್ನ ಲೆಕ್ಕದಲ್ಲಿ ಗುರುತು ಹಾಕಬೇಡಿ, ಆಕೆಯನ್ನು ಆ ಕುರ್ಚಿಯಲ್ಲಿ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ.